ಸೀರೆಯಲ್ಲಿಲ್ಲದ ಅಲೆಗಳು

ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯ ತರಗತಿಯ ಸಮೂಹಚಿತ್ರ ತೆಗೆಯುವ ಹೊಣೆ ಚಿತ್ರಕಲೆಯ ಮಾಷ್ಟ್ರದು. ಆ ವರ್ಷ ಮುಖ್ಯೋಪಾಧ್ಯಾಯಿನಿಯವರೂ ನಿವೃತ್ತರಾಗುವವರಿದ್ದರು. ಪರೀಕ್ಷೆಯ ಕೊನೆಯ ದಿನ ಅವರು ನೀಲಿ, ಬಿಳಿ ಸಣ್ಣ ಚೌಕುಳಿಯ ಕಾಸರಗೋಡು ಸೀರೆಯನ್ನುಟ್ಟು ಬಂದರು. ನೌಕರಿಗೆ ಸೇರಿದಾಗ ತಾಯಿ ಕೊಡಿಸಿದ ಕೈಮಗ್ಗದ ಸೀರೆ ಅದು. ಮೂರು ಸಾಲುಗಳಲ್ಲಿ 33 ಮಕ್ಕಳು, ನಡುವೆ ಅವರು. ಮಾಷ್ಟ್ರು ಸಾವಧಾನವಾಗಿ ಐದಾರು ಚಿತ್ರಗಳನ್ನು ತೆಗೆದರು.

ರಾತ್ರಿ ಗಣಕದಲ್ಲಿ ತೆರೆದು ನೋಡಿದರೆ ಮಕ್ಕಳ ಮುಖಗಳೆಲ್ಲ ನಿಚ್ಚಳ. ಸೀರೆಯ ಮೇಲೆ ಮಾತ್ರ ಗುಲಾಬಿ, ಹಸಿರು ಬಣ್ಣದ ಅಗಲವಾದ ಅಲೆಗಳು, ಮಳೆನೀರಿನ ಮೇಲೆ ಎಣ್ಣೆ ಹರಡಿದಂತೆ. ಮರುದಿನ ಚಿತ್ರವನ್ನು ಕಂಡ ಮುಖ್ಯೋಪಾಧ್ಯಾಯಿನಿಯವರು, "ಇದೆಂತ ಮಾಷ್ಟ್ರೇ, ಇದು ನನ್ನ ಸೀರೆ ಅಲ್ಲವಲ್ಲ!" ಎಂದರು. ಮತ್ತೊಮ್ಮೆ ತೆಗೆಯೋಣವೆಂದರೆ ಮಕ್ಕಳು ಆಗಲೇ ಚದುರಿದ್ದರು. ಆ 33 ಮಂದಿಯನ್ನು ಇನ್ನೊಮ್ಮೆ ಒಂದೇ ಅಂಗಳದಲ್ಲಿ ನಿಲ್ಲಿಸುವುದು ಯಾರಿಂದಲೂ ಆಗುವ ಮಾತಾಗಿರಲಿಲ್ಲ.

ಇಂಥ ಅಲೆಗಳಿಗೆ ಮ್ವಾರೆ ಎಂದು ಹೆಸರು; ಅಲೆಯಲೆಯಾಗಿ ಹೊಳೆಯುವ ಒಂದು ಬಗೆಯ ರೇಷ್ಮೆಗೆ ಫ್ರೆಂಚರು ಇಟ್ಟ ಹೆಸರದು. ಇವನ್ನು ನೋಡಲು ಕ್ಯಾಮೆರಾ ಬೇಕೆಂದೇನೂ ಇಲ್ಲ. ಸೊಳ್ಳೆಪರದೆಯ ಎರಡು ಪದರಗಳು ಒಂದರ ಮೇಲೊಂದು ಬಿದ್ದಲ್ಲಿ, ಯಾವ ಪದರದಲ್ಲೂ ಇಲ್ಲದ ದೊಡ್ಡ ದೊಡ್ಡ ಅಲೆಗಳು ಮೂಡುತ್ತವೆ. ಪರದೆ ಅಲುಗಿದರೆ ಅವೂ ಓಡುತ್ತವೆ. ಲಾರ್ಡ್ ರೇಲಿ 1874ರಷ್ಟು ಹಿಂದೆಯೇ, ಗಾಜಿನ ಮೇಲೆ ಕೊರೆದ ಸೂಕ್ಷ್ಮ ಗೆರೆಗಳ ತಪ್ಪೊಪ್ಪನ್ನು ಇದೇ ಅಲೆಗಳಿಂದ ಪರೀಕ್ಷಿಸುವ ದಾರಿಯನ್ನು ತೋರಿಸಿದ್ದ. ವಿಜ್ಞಾನಿಗೆ ಒದಗಿದ ಉಪಕರಣವೇ ಛಾಯಾಗ್ರಾಹಕನಿಗೆ ಉಪದ್ರವವಾಯಿತು.

ಕ್ಯಾಮೆರಾದೊಳಗಿನ ಪರದೆ ಎಂದರೆ ಪಿಕ್ಸೆಲ್‌ಗಳ ಸಾಲು. ಮಾಷ್ಟ್ರ ಕ್ಯಾಮೆರಾದಲ್ಲಿ ಅಡ್ಡಕ್ಕೆ 6000 ಪಿಕ್ಸೆಲ್‌ಗಳು. ಚಿತ್ರದೊಳಗೆ ಹಿಡಿದ ಅಗಲ ಸುಮಾರು 5 ಮೀಟರ್. ಎಂದರೆ ಬಟ್ಟೆಯ ಒಂದು ಮಿಲಿಮೀಟರಿಗೆ 1.2 ಪಿಕ್ಸೆಲ್. ಸೀರೆಯ ಒಂದು ನೀಲಿ ಗೆರೆಯೂ ಒಂದು ಬಿಳಿ ಗೆರೆಯೂ ಸೇರಿ ಒಂದೂವರೆ ಮಿಲಿಮೀಟರ್. ಆ ಜೋಡಿಯನ್ನು ಬೇರೆಬೇರೆಯಾಗಿ ಕಾಣಲು ಕಡಿಮೆಯೆಂದರೂ 2 ಪಿಕ್ಸೆಲ್ ಬೇಕು, ಸಿಕ್ಕಿದ್ದು 1.8. ಎಣಿಸಲಾರದ ಗೆರೆಗಳನ್ನು ಕ್ಯಾಮೆರಾ ತಪ್ಪಾಗಿ ಎಣಿಸಿತು, ಆ ತಪ್ಪೆಣಿಕೆಯೇ ಅಲೆಯಾಯಿತು.

ಇನ್ನು ಗುಲಾಬಿ, ಹಸಿರು ಬಂದದ್ದು ಎಲ್ಲಿಂದ? ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಏರ್ಪಾಟಿನಂತೆ ಪ್ರತಿಯೊಂದು ಪಿಕ್ಸೆಲ್ ಒಂದೇ ಬಣ್ಣವನ್ನು ಅಳೆಯುತ್ತದೆ. ನಾಲ್ಕರಲ್ಲಿ ಎರಡು ಹಸಿರಿಗೆ, ಒಂದು ಕೆಂಪಿಗೆ, ಒಂದು ನೀಲಿಗೆ. ಉಳಿದುದನ್ನು ಕ್ಯಾಮೆರಾ ನೆರೆಹೊರೆಯಿಂದ ಊಹಿಸಿಕೊಳ್ಳುತ್ತದೆ. ಕೆಂಪು, ನೀಲಿಗಳ ಜಾಲ ಇನ್ನೂ ವಿರಳವಾದ್ದರಿಂದ ಊಹೆ ಅಲ್ಲಿಯೇ ಹೆಚ್ಚು ಎಡವುತ್ತದೆ. ಇದನ್ನು ತಡೆಯಲು ಹಲವು ಕ್ಯಾಮೆರಾಗಳಲ್ಲಿ ಬಿಂಬವನ್ನು ಕೂದಲೆಳೆಯಷ್ಟು ಮಸುಕಾಗಿಸುವ ಶೋಧಕವೊಂದಿರುತ್ತದೆ. ಆದರೆ ಕೊಳ್ಳುವವರಿಗೆ ಬೇಕಾದದ್ದು ಇನ್ನಷ್ಟು ಸ್ಫುಟತೆ. ನಿಕಾನ್ 2012ರಲ್ಲಿ ಡಿ800 ಕ್ಯಾಮೆರಾದ ಜೊತೆಗೇ, ಆ ಮಸುಕನ್ನು ರದ್ದುಗೊಳಿಸಿದ ಡಿ800ಇ ಎಂಬುದನ್ನೂ ಮಾರಿತು. ಆಮೇಲೆ ಬಂದ ಎಷ್ಟೋ ಮಾದರಿಗಳಲ್ಲಿ ಶೋಧಕವೇ ಇಲ್ಲ. ಅವುಗಳ ಮುಂದೆ ಸಣ್ಣ ಚೌಕುಳಿಯ ಬಟ್ಟೆ ಬಂದಾಗ ಆ ಸ್ಫುಟತೆಯ ಬೆಲೆ ತಿಳಿಯುತ್ತದೆ.

ಮಾಷ್ಟ್ರು ಮೊದಲು ಚಿತ್ರವನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿದರು. ಚಿತ್ರವನ್ನು ಕುಗ್ಗಿಸಿ ತೋರಿಸುವಾಗ ಗಣಕದ ತೆರೆಯೂ ಇಂಥ ಅಲೆಗಳನ್ನು ಹುಟ್ಟಿಸುವುದುಂಟು. ಅವು ಹಿಗ್ಗಿಸಿದೊಡನೆ ಮಾಯವಾಗುತ್ತವೆ. ಸೀರೆಯ ಅಲೆಗಳು ಮಾಯವಾಗಲಿಲ್ಲ. ಕಪ್ಪುಬಿಳುಪಿಗೆ ತಿರುಗಿಸಿದರೆ ಬಣ್ಣ ಹೋಯಿತು, ಪಟ್ಟೆಗಳು ಉಳಿದವು. ಅಳಿಸಿಹಾಕಲು ಅಲೆಯ ಅಡಿಯಲ್ಲಿ ನಿಜವಾದ ಗೆರೆಗಳು ಅಡಗಿ ಕುಳಿತಿರಲಿಲ್ಲ. ಅವು ದಾಖಲಾಗಿಯೇ ಇರಲಿಲ್ಲ.

ಕೊನೆಗೆ ನೆರವಾದದ್ದು ಎಸೆಯಬೇಕೆಂದಿದ್ದ ಒಂದು ಚಿತ್ರ. ಸಾಲು ಚದುರುವ ಹೊತ್ತಿಗೆ ಕೈ ಅಲುಗಿ ಎಲ್ಲವೂ ಕದಡಿದ ಚಿತ್ರ ಅದು. ಮುಖಗಳು ಮಬ್ಬು, ಆದರೆ ಆ ಮಬ್ಬಿನಲ್ಲಿ ಗೆರೆಗಳು ಒಂದರೊಳಗೊಂದು ಕರಗಿ, ಸೀರೆ ತನ್ನ ತಿಳಿನೀಲಿಯಲ್ಲೇ ಇತ್ತು. ಮಾಷ್ಟ್ರು ಆ ನೀಲಿಯನ್ನು ಎತ್ತಿಕೊಂಡು, ಬೆಳಕು ನೆರಳುಗಳನ್ನು ಮುಟ್ಟದೆ ಬಣ್ಣವನ್ನಷ್ಟೇ ಬದಲಿಸುವ ಪದರದಲ್ಲಿ, ಒಳ್ಳೆಯ ಚಿತ್ರದ ಸೀರೆಯ ಮೇಲೆ ತೀಡಿದರು. ಎರಡು ಸಂಜೆಗಳು ಬೇಕಾದವು. ನೆರಿಗೆಯಲ್ಲಿ ತೆಳುವಾದ ಪಟ್ಟೆಗಳು ಉಳಿದೇ ಉಳಿದವು.

"ಬಣ್ಣ ಈಗ ನನ್ನದೇ. ಅಲೆ ಇದ್ದರೆ ಇರಲಿ ಬಿಡಿ ಮಾಷ್ಟ್ರೇ, ಮಕ್ಕಳ ಮುಖ ಸರಿ ಉಂಟಲ್ಲ" ಎಂದು ಮುಖ್ಯೋಪಾಧ್ಯಾಯಿನಿಯವರು ಪ್ರತಿಯನ್ನು ತೆಗೆದುಕೊಂಡರು. ಅದರ ಇನ್ನೊಂದು ಪ್ರತಿ ಶಾಲೆಯ ಗೋಡೆಯಲ್ಲಿದೆ.

ಅಂದಿನಿಂದ ಮಾಷ್ಟ್ರು ಮೊದಲೊಂದು ಚಿತ್ರ ತೆಗೆದು, ಕ್ಯಾಮೆರಾದ ತೆರೆಯಲ್ಲೇ ಹಿಗ್ಗಿಸಿ ಬಟ್ಟೆಗಳನ್ನು ನೋಡುತ್ತಾರೆ. ಅಲೆ ಕಂಡರೆ ಅಪರ್ಚರನ್ನು ಎಫ್ 11ಕ್ಕೋ 16ಕ್ಕೋ ಕಿರಿದುಗೊಳಿಸಿ ಬಿಂಬವನ್ನು ತುಸು ಮೃದುವಾಗಿಸುತ್ತಾರೆ, ಇಲ್ಲವೆ ಕುಳಿತವರನ್ನು ಕೊಂಚ ಓರೆಯಾಗಿಸುತ್ತಾರೆ. ಎಲ್ಲಕ್ಕಿಂತ ಒಳ್ಳೆಯ ಉಪಾಯ ಸಾಕಷ್ಟು ಹತ್ತಿರ ಹೋಗುವುದು. ಸಮೂಹಚಿತ್ರದಲ್ಲಿ ಅದೊಂದೇ ಸಾಧ್ಯವಾಗುವುದಿಲ್ಲ.

ಮೂರು ವರ್ಷಗಳ ಬಳಿಕ ಹೊಸ ಮುಖ್ಯೋಪಾಧ್ಯಾಯರು ಸಣ್ಣ ಗೀಟಿನ ಅಂಗಿ ತೊಟ್ಟು ಬಂದಾಗ ಮಾಷ್ಟ್ರು ಓರೆಯಾಗಿ ಕುಳಿತುಕೊಳ್ಳಲು ಹೇಳಬೇಕೆಂದಿದ್ದರು. ಪರೀಕ್ಷೆಗೆಂದು ತೆಗೆದ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಅಂಗಿಯ ಗೆರೆಗಳೆಲ್ಲ ಒಂದೊಂದಾಗಿ ಎಣಿಸುವಂತಿದ್ದವು. ಆ ವರ್ಷ ತರಗತಿಯಲ್ಲಿದ್ದವರು 14 ಮಕ್ಕಳು. ಎರಡೇ ಸಾಲು, ಎರಡೂವರೆ ಮೀಟರ್ ಅಗಲ; ಕ್ಯಾಮೆರಾ ತಾನಾಗಿಯೇ ಅರ್ಧದಷ್ಟು ದೂರಕ್ಕೆ ಬಂದು ನಿಂತಿತ್ತು.