ಕನ್ನಡ ಕಲಿತ ಯಂತ್ರ

ಮನೆಯಲ್ಲಿ ಏನಾದರೊಂದು ಕಳೆದುಹೋದರೆ ಮೊದಲು ಸಂಶಯಕ್ಕೆ ಗುರಿಯಾಗುವವನು ಹೊಸದಾಗಿ ಬಂದ ಆಳು. ಹಳಬರ ಜೇಬನ್ನು ಯಾರೂ ತಡಕುವುದಿಲ್ಲ. ಗಣಕಯಂತ್ರದ ಲೋಕದಲ್ಲಿಯೂ ಇದೇ ನ್ಯಾಯ. ಅಲ್ಲಿ ಆ ಹೊಸ ಆಳಿನ ಪಾತ್ರ ಹಲವು ಸಲ ಕನ್ನಡದ ಪಾಲಿಗೆ ಬರುತ್ತದೆ.

ಅಘನಾಶಿನಿಯು ಕಡಲನ್ನು ಕೂಡುವ ತದಡಿಯಲ್ಲಿ, ದೂರದ ಬೆಂಗಳೂರಿನ ಕೆಲಸವನ್ನು ಮನೆಯಲ್ಲಿಯೇ ಕುಳಿತು ಮಾಡುವ ತರುಣನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಲಿ. ದಕ್ಕೆಯಲ್ಲಿ ಬಂಗಡೆಯ ಬುಟ್ಟಿಗಳು ಇಳಿಯುವ ಹೊತ್ತಿಗೆ ಅವನು ಯಂತ್ರದ ಮುಂದೆ ಕೂರುತ್ತಾನೆ. ಸರ್ವರ್ ತಂತ್ರಾಂಶವೊಂದನ್ನು ಪರೀಕ್ಷಿಸಿ ದೋಷ ಹುಡುಕುವುದು ಅವನ ವೃತ್ತಿ. ಮನೆಯವರೂ ಬಳಸಲೆಂದು ಯಂತ್ರದ ಭಾಷೆಯನ್ನು ಅವನು ಕನ್ನಡಕ್ಕೆ ತಿರುಗಿಸಿದ್ದಾನೆ. ತಂತ್ರಾಂಶವು ಬೆಂಗಳೂರಿನಲ್ಲಿ ಸುಸೂತ್ರವಾಗಿ ಓಡುತ್ತದೆ. ತದಡಿಯಲ್ಲಿ ಮೊದಲ ಕೋರಿಕೆ ಬಂದೊಡನೆ ಕುಸಿದು ಬೀಳುತ್ತದೆ.

ಅವನು ವಿದ್ಯುತ್ತನ್ನು ಶಂಕಿಸಿದನು, ಜಾಲವನ್ನು ಶಂಕಿಸಿದನು. ಎರಡೂ ನಿರ್ದೋಷಿಗಳು. ದೋಷದ ವರದಿಯನ್ನು ಸಾಲುಸಾಲಾಗಿ ಓದಿದಾಗ, ಒಂದು ತಾರೀಖನ್ನು ಅರ್ಥಮಾಡಿಕೊಳ್ಳಲಾಗದೆ ಯಂತ್ರವು ಪ್ರಾಣಬಿಟ್ಟಿತೆಂದು ತಿಳಿಯಿತು. ತಾರೀಖಿನಲ್ಲಿಯಾದರೋ ಯಾವ ತಪ್ಪೂ ಇರಲಿಲ್ಲ.

ಬೆಂಗಳೂರಿನ ಹಿರಿಯ ಸಹೋದ್ಯೋಗಿ ದೂರವಾಣಿಯಲ್ಲಿ ನಕ್ಕರು: “ಅಷ್ಟಕ್ಕೇಕೆ ತಲೆ ಕೆಡಿಸಿಕೊಳ್ಳುತ್ತೀರಿ? ಕನ್ನಡ ತೆಗೆದು ಇಂಗ್ಲಿಷ್ ಹಾಕಿಬಿಡಿ.”

ಹಾಕಿದನು, ತಂತ್ರಾಂಶ ಓಡಿತು. ಮತ್ತೆ ಕನ್ನಡ ಹಾಕಿದನು, ಬಿದ್ದಿತು. ಅಲ್ಲಿಗೇ ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ರೋಗಿಯನ್ನು ಮನೆಯಿಂದ ಹೊರಹಾಕಿ ರೋಗ ವಾಸಿಯಾಯಿತೆನ್ನುವುದು ವೈದ್ಯವಲ್ಲ. ನಾಳೆ ಕನ್ನಡದ ಯಂತ್ರವುಳ್ಳ ಇನ್ನೊಬ್ಬನು ಇದೇ ಗುಂಡಿಗೆ ಬೀಳುತ್ತಾನೆ; ಅವನಿಗೂ ಇದೇ ಉಪದೇಶ ದೊರೆಯುತ್ತದೆ.

“ಏನು ತಮಾ, ಊಟದ ಹೊತ್ತು ಮೀರ್ತು. ಮಶೀನಿಗೆ ಕನ್ನಡ ಬರೂದಿಲ್ವಾ?” ಎಂದು ತಾಯಿ ಬಾಗಿಲಲ್ಲಿ ನಿಂತು ಕೇಳಿದಳು.

ಬಾರದಿದ್ದರೆ ತೊಂದರೆಯೇ ಇರುತ್ತಿರಲಿಲ್ಲ, ಬಂದುದೇ ತೊಂದರೆಯಾಗಿತ್ತು. ಭಾಷೆ, ತಿಂಗಳ ಹೆಸರು, ಅಂಕಿಯ ಕ್ರಮ, ಇಂತಹ ನಾಡಿನ ರೂಢಿಗಳ ಕಟ್ಟಿಗೆ ಯಂತ್ರಜ್ಞರು ‘ಲೊಕೇಲ್’ ಎನ್ನುತ್ತಾರೆ. ಯೂನಿಕೋಡ್ ಸಂಸ್ಥೆಯು ಇಂತಹ ರೂಢಿಗಳ ಒಂದು ಭಂಡಾರವನ್ನೇ ಇರಿಸಿದೆ. 2017ರಲ್ಲಿ ಹೊರಬಂದ ಜಾವಾದ ಒಂಬತ್ತನೆಯ ಆವೃತ್ತಿಯಿಂದ ಆ ಭಾಷೆಯ ತಂತ್ರಾಂಶಗಳು, ಬೇರೆ ಹೇಳದಿದ್ದರೆ, ಈ ಭಂಡಾರವನ್ನೇ ನೆಚ್ಚುತ್ತವೆ. ಕನ್ನಡದ ಯಂತ್ರವು ‘ನವೆಂಬರ್’ ಎಂಬುದನ್ನು ಕನ್ನಡ ಲಿಪಿಯಲ್ಲಿ ಬಲ್ಲದು. ಆದರೆ ಜಾಲದಲ್ಲಿ ಸರ್ವರುಗಳು ಪರಸ್ಪರ ಕಳುಹಿಸುವ ತಾರೀಖಿನಲ್ಲಿ ವಾರ, ತಿಂಗಳುಗಳು ಇಂಗ್ಲಿಷಿನ ಮೂರು ಮೂರು ಅಕ್ಷರಗಳಲ್ಲಿಯೇ ಇರಬೇಕೆಂದು ನಿಯಮ. ಬರೆದವನು ಯಾವ ಭಾಷೆಯಲ್ಲಿ ಓದಬೇಕೆಂದು ಹೇಳುವುದನ್ನು ಮರೆತಿದ್ದನು. ಹೇಳದಿದ್ದರೆ ಯಂತ್ರವು ಮನೆಯ ಭಾಷೆಯಲ್ಲಿ ಓದುತ್ತದೆ. ಕನ್ನಡದ ತಿಂಗಳನ್ನು ಹುಡುಕಿತು, ರೋಮನ್ ಅಕ್ಷರಗಳನ್ನು ಕಂಡಿತು, ಕಂಗೆಟ್ಟಿತು. ಆ ಕಂಗೆಡುವಿಕೆಯನ್ನು ಸಂಭಾಳಿಸುವ ಏರ್ಪಾಡೂ ಇರಲಿಲ್ಲ. ಆದುದರಿಂದ ಇಡೀ ತಂತ್ರಾಂಶವೇ ನೆಲಕಚ್ಚಿತು.

ಈ ಸಂಕಟ ಕನ್ನಡವೊಂದರದೇ ಎಂದು ಭಾವಿಸಬೇಕಾಗಿಲ್ಲ. ತುರ್ಕಿಯು 1928ರಲ್ಲಿ ರೋಮನ್ ಲಿಪಿಯನ್ನು ಸ್ವೀಕರಿಸಿದಾಗ ಚುಕ್ಕೆಯುಳ್ಳ ‘ಐ’, ಚುಕ್ಕೆಯಿಲ್ಲದ ‘ಐ’ ಎಂದು ಎರಡು ಅಕ್ಷರಗಳನ್ನಿಟ್ಟುಕೊಂಡಿತು. ಚುಕ್ಕೆಯಿಲ್ಲದ ದೊಡ್ಡ ‘ಐ’ಯನ್ನು ತುರ್ಕಿಯ ಯಂತ್ರ ಚಿಕ್ಕದಾಗಿಸಿದರೆ ಚುಕ್ಕೆ ಬರುವುದಿಲ್ಲ. ದೊಡ್ಡಕ್ಷರದ ಆಜ್ಞೆಯನ್ನು ಚಿಕ್ಕಕ್ಷರಕ್ಕೆ ತಿರುಗಿಸಿ ಹೋಲಿಸುವ ತಂತ್ರಾಂಶಕ್ಕೆ ಆಗ ತನ್ನ ಆಜ್ಞೆಯೇ ಗುರುತು ಸಿಗುವುದಿಲ್ಲ. ತರುಣನು ಯಂತ್ರವನ್ನು ತುರ್ಕಿಗೆ ತಿರುಗಿಸಿ ನೋಡಿದನು. ಎರಡನೆಯ ದೋಷವೂ ಬಲೆಗೆ ಬಿದ್ದಿತು! ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವೇ ಇಲ್ಲದ ಕನ್ನಡದಲ್ಲಿ ಅದು ಎಂದೂ ಬೆಳಕಿಗೆ ಬರುತ್ತಿರಲಿಲ್ಲ.

ಅಘನಾಶಿನಿಯ ದಂಡೆಯ ಗಜನಿಗಳನ್ನು ಕಂಡವರಿಗೆ ಪರಿಹಾರವು ಹೊಸದಲ್ಲ. ಕಗ್ಗ ಭತ್ತ ಬೆಳೆಯುವ ರೈತನು ಉಪ್ಪುನೀರನ್ನು ಶಪಿಸುತ್ತ ಕೂರುವುದಿಲ್ಲ. ಕಟ್ಟೆ ಹಾಕಿ, ಬಾಗಿಲಿಟ್ಟು, ಯಾವ ನೀರು ಯಾವಾಗ ಬರಬೇಕೆಂದು ತಾನೇ ನಿಶ್ಚಯಿಸುತ್ತಾನೆ. ತಂತ್ರಾಂಶಕ್ಕೂ ಅಂತಹದೇ ಒಂದು ಬಾಗಿಲು ಸಾಕಾಯಿತು. ಯಂತ್ರಗಳು ತಮ್ಮತಮ್ಮೊಳಗೆ ಆಡುವ ಮಾತಿಗೆ ಯಾವ ನಾಡಿಗೂ ಸೇರದ ಸ್ಥಿರವಾದ ರೂಢಿ. ಮನುಷ್ಯನಿಗೆ ತೋರಿಸುವ ಮಾತಿಗೆ ಆತನ ಭಾಷೆ. ಎರಡು ಕಡೆ ಒಂದೊಂದು ಪದ ಸೇರಿಸಿದುದಕ್ಕೆ ಕೆಲಸ ಮುಗಿಯಿತು. ಮುಂದೆ ಪ್ರತಿಯೊಂದು ಪರೀಕ್ಷೆಯೂ ಇಂಗ್ಲಿಷ್, ಕನ್ನಡ, ತುರ್ಕಿ ಮೂರರಲ್ಲಿಯೂ ನಡೆಯಬೇಕೆಂದು ಅವನು ವರದಿಯಲ್ಲಿ ಬರೆದನು.

ಎಲ್ಲರ ಯಂತ್ರವೂ ಇಂಗ್ಲಿಷಿನಲ್ಲಿಯೇ ಇದ್ದಿದ್ದರೆ ಈ ಎರಡು ದೋಷಗಳು ವರ್ಷಗಟ್ಟಲೆ ಅಡಗಿರುತ್ತಿದ್ದವು. ಕಳ್ಳನೆಂದು ಶಂಕಿಸಲ್ಪಟ್ಟ ಹೊಸ ಆಳೇ ಕೊನೆಗೆ ಗೋಡೆಯಲ್ಲಿನ ಕನ್ನವನ್ನು ತೋರಿಸಿಕೊಟ್ಟನು. ಸಂಬಳ ಹೆಚ್ಚಿಸದಿದ್ದರೂ ಚಿಂತೆಯಿಲ್ಲ, ಅವನನ್ನು ಮನೆಯಿಂದ ಹೊರಡಿಸದಿದ್ದರೆ ಸಾಕು.