ಅಂಗಾಲಿಗೆ ಗೊತ್ತಿರುವ ನೆಲ

ಪತ್ತನಾಜೆ ಕಳೆದು ನಾಲ್ಕೈದು ದಿನಕ್ಕೆ ನಮ್ಮ ಚಾವಡಿಯ ಮರದ ಬೆಂಚು ಗೋಡೆಗೆ ಸರಿಯುತ್ತದೆ, ಟೀಪಾಯಿ ಒಳಕೋಣೆ ಸೇರುತ್ತದೆ. ತುಳುವರ ಬೇಶ ತಿಂಗಳ ಹತ್ತಕ್ಕೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಮಳೆಗಾಲ ಮುಗಿಯುವ ತನಕ ಮತ್ತೆ ತಿರುಗಾಟವಿಲ್ಲ. ನಾನು ಮೇಳದವನಲ್ಲ. ನೀರ್ಚಾಲಿನ ಹತ್ತಿರ ಅಡಿಕೆ ತೋಟ ನೋಡಿಕೊಂಡಿರುವವನು. ಹುಡುಗನಾಗಿದ್ದಾಗ ಊರಿನ ಭಜನಾ ಮಂದಿರದಲ್ಲಿ ಕಲಿತ ತೆಂಕುತಿಟ್ಟಿನ ಹೆಜ್ಜೆಗಳು ಕಾಲಲ್ಲಿ ಉಳಿದುಬಿಟ್ಟಿವೆ, ಅಷ್ಟೆ. ಉಳಿದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ನನಗೆ ಮನೆಯೊಳಗಿನ ಕುಣಿತ ಶುರು.

ಹೊರಗೆ ಕುಣಿಯುವಂತಿಲ್ಲ. ಜೂನ್ ಅರ್ಧವಾಗುವಾಗಲೇ ಅಂಗಳವೆಲ್ಲ ಹಸಿರು ಹಾವಸೆ. ಹಟ್ಟಿಗೆ ಹೋಗುವ ದಾರಿಗೆ ತೆಂಗಿನ ಮಡಲು ಹಾಸಿ ಅದರ ಮೇಲೆ ಕಾಲಿಡುತ್ತೇವೆ. ಹಾಗಾಗಿ ಐದು ತಿಂಗಳು ನನ್ನ ರಂಗಸ್ಥಳ ಈ ಚಾವಡಿಯೇ.

ಇದರ ನೆಲ ನನ್ನ ಕಣ್ಣೆದುರೇ ಎರಡು ಸಲ ಬದಲಾಗಿದೆ. ಮೊದಲು ಸೆಗಣಿ ಸಾರಿಸಿದ ನೆಲ. ಹಳೆಯ ಬ್ಯಾಟರಿ ಸೆಲ್ಲು ಒಡೆದು ಅದರ ಕಪ್ಪನ್ನು ಸೆಗಣಿಗೆ ಬೆರೆಸಿ ಅಜ್ಜಿ ಅಡಿಕೆ ಹಾಳೆಯ ತುಂಡಿನಿಂದ ಎಳೆಯುತ್ತಿದ್ದರು. ಆ ನೆಲದಲ್ಲಿ ಓಲೆ ಚಾಪೆ ಹಾಸಿದರೆ ಹಾಸಿದಲ್ಲೇ ಇರುತ್ತಿತ್ತು. ಆಮೇಲೆ ಸಿಮೆಂಟಿಗೆ ಕಾವಿ ಹಾಕಿದ ಕೆಂಪು ನೆಲ ಬಂತು. ವರ್ಷಾನುಗಟ್ಟಲೆ ಕಾಲು ಉಜ್ಜಿ ಉಜ್ಜಿ ಅದು ಕನ್ನಡಿಯಾಯಿತು. ಈಗ ಟೈಲ್ಸ್. ಅದೇ ಓಲೆ ಚಾಪೆಯನ್ನು ಇದರ ಮೇಲೆ ಹಾಸಿ ಒಂದು ಕಾಲು ಊರಿ ನೋಡಿ, ಚಾಪೆ ನಿಮ್ಮನ್ನೂ ಕರೆದುಕೊಂಡು ಹೊರಡುತ್ತದೆ.

ಬೆಳಗ್ಗೆ ಎದ್ದು ನಾನು ಮೊದಲು ಮಾಡುವ ಕೆಲಸ ಬೈರಾಸು ಹಿಡಿದು ಮೊಣಕಾಲೂರುವುದು. ಮಳೆಗಾಲದಲ್ಲಿ ನೆಲ ಬೆವರುತ್ತದೆ. ಸೋರುವುದೂ ಅಲ್ಲ, ಯಾರೂ ಚೆಲ್ಲಿದ್ದೂ ಅಲ್ಲ: ಮಣ್ಣಿಗೆ ತಾಗಿಕೊಂಡ ನೆಲ ತಣ್ಣಗಿರುತ್ತದೆ, ಒಳಗೆ ಬಂದ ಗಾಳಿಯಲ್ಲಿ ನೀರಿನ ಆವಿ ತುಂಬಿರುತ್ತದೆ, ತಣ್ಣಗಿನದು ತಾಗಿದ ಕೂಡಲೇ ಆವಿ ನೀರಾಗಿ ಕೂರುತ್ತದೆ. ಮಳೆ ಬಿಟ್ಟು ಸ್ವಲ್ಪ ಬಿಸಿಲು ಕಂಡಿತೆಂದು ಕಿಟಕಿ ತೆರೆದರೆ ಇನ್ನೂ ಹೆಚ್ಚು. ಆ ತೆಳುವಾದ ಪೊರೆ ಕಣ್ಣಿಗೆ ಕಾಣುವುದಿಲ್ಲ, ಅಂಗಾಲಿಗೆ ಮಾತ್ರ ತಿಳಿಯುತ್ತದೆ. ಒಣ ಬಟ್ಟೆಯಲ್ಲಿ ಎರಡು ಸಲ ಒರಸಿ, ಹತ್ತು ನಿಮಿಷ ಫ್ಯಾನ್ ಹಾಕಿ, ಆಮೇಲೆ ಬರಿಗಾಲಲ್ಲಿ ನಿಂತು ಪಾದವನ್ನು ಮೆಲ್ಲ ಪಕ್ಕಕ್ಕೆ ಒತ್ತಿ ನೋಡುತ್ತೇನೆ. ಕಚ್ಚಿ ಹಿಡಿದಾಗ ‘ಚಿರ್’ ಎಂದು ಒಂದು ಸಣ್ಣ ಸದ್ದು ಬರುತ್ತದೆ. ಆ ಸದ್ದು ನನಗೆ ಚೆಂಡೆಯ ಮೊದಲ ಪೆಟ್ಟಿನ ಹಾಗೆ.

ಒಳಗಿನಿಂದ ಅಮ್ಮ ಕೇಳುತ್ತಾರೆ, “ನೆಲ ಉದ್ದಿ ಆಯ್ತಾ?”

“ಆಯ್ತಮ್ಮ, ಬನ್ನಿ.”

ಅಮ್ಮನಿಗೆ ಎಂಬತ್ತನಾಲ್ಕು. ಬರಿಗಾಲಲ್ಲಿ ಬಂದು ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತಾರೆ, ಹತ್ತು ಸಲ. ಬಳಿಕ ಕುರ್ಚಿಯಿಂದ ಏಳುವುದು, ಕೂರುವುದು. ಆ ಕುರ್ಚಿ ಮರದ್ದು, ಬೆನ್ನು ಗೋಡೆಗೆ ಆನಿಸಿಯೇ ಇರಬೇಕು. ಪ್ಲಾಸ್ಟಿಕ್ ಕುರ್ಚಿಯ ಕಾಲು ಟೈಲ್ಸಿನ ಮೇಲೆ ಹಿಂದಕ್ಕೆ ಜಾರುವುದನ್ನು ಒಮ್ಮೆ ಕಂಡವರು ಮತ್ತೆ ಅದನ್ನು ನಂಬಲಿಕ್ಕಿಲ್ಲ.

ನಾನು ಬಿದ್ದದ್ದು ಆರು ವರ್ಷದ ಹಿಂದೆ. ಚಳಿಯೆಂದು ಕಾಲುಚೀಲ ಹಾಕಿಕೊಂಡೇ ಸೂರ್ಯನಮಸ್ಕಾರಕ್ಕೆ ನಿಂತಿದ್ದೆ. ಬಲಗಾಲನ್ನು ಹಿಂದಕ್ಕೆ ಇಟ್ಟದ್ದಷ್ಟೇ ಗೊತ್ತು, ಅದು ಇಟ್ಟಲ್ಲಿ ನಿಲ್ಲಲಿಲ್ಲ. ತೊಡೆಸಂದಿನ ನೋವು ಮೂರು ತಿಂಗಳು ಬಿಡಲಿಲ್ಲ. ಮಲಗಿದ್ದಾಗ ಅದನ್ನೇ ಯೋಚಿಸಿದೆ. ನೆಟ್ಟಗೆ ನಿಂತಾಗ ನಮ್ಮ ಭಾರವೆಲ್ಲ ಕೆಳಕ್ಕೆ. ಕಾಲು ಅಗಲಿಸಿದಷ್ಟೂ ಅದರ ಒಂದು ಪಾಲು ಪಾದವನ್ನು ಹೊರಕ್ಕೆ ನೂಕುತ್ತದೆ, ಅದನ್ನು ತಡೆಯುವುದು ಅಂಗಾಲಿನ ಹಿಡಿತವೊಂದೇ. ಈಗ ಕಾಲುಚೀಲ ಇಲ್ಲ. ಹೆಜ್ಜೆ ಮೊದಲಿನದಕ್ಕಿಂತ ಒಂದು ಗೇಣು ಕಿರಿದು. ಹಿಂದಿನ ಕಾಲಿನ ಹಿಮ್ಮಡಿ ಗೋಡೆಗೆ ತಾಗಿರುತ್ತದೆ. ಹಾರಿ ಕಾಲು ಹಿಂದಿಡುವ ಕ್ರಮ ಬಿಟ್ಟು ಒಂದೊಂದಾಗಿ ಇಡುತ್ತೇನೆ. ಎಣ್ಣೆಸ್ನಾನದ ದಿನ ಸ್ನಾನಕ್ಕೆ ಮೊದಲೇ ವ್ಯಾಯಾಮ ಮುಗಿದಿರುತ್ತದೆ.

ಎಣ್ಣೆಯೆಂದಾಗ ಕಳರಿಯ ಸಮರಕಲೆ ನೆನಪಾಗುತ್ತದೆ. ನಮ್ಮ ಜಿಲ್ಲೆಯಿಂದ ದಕ್ಷಿಣಕ್ಕೆ ಹಬ್ಬಿರುವ ವಡಕ್ಕನ್ ಕಳರಿಯವರು ಮೈಗೆ ಎಣ್ಣೆ ಹಚ್ಚಿಕೊಂಡೇ ಹಾರುತ್ತಾರೆ, ಹೊರಳುತ್ತಾರೆ. ಅವರ ಕಳ ನೆಲದಿಂದ ಕೆಳಕ್ಕೆ ಅಗೆದದ್ದು: 42 ಅಡಿ ಉದ್ದ, 21 ಅಡಿ ಅಗಲ, ತುಳಿದು ಗಟ್ಟಿ ಮಾಡಿದ ಮಣ್ಣು. ಮೈಯಿಂದ ಇಳಿದ ಎಣ್ಣೆಯನ್ನು ಮಣ್ಣು ಕುಡಿಯುತ್ತದೆ; ಟೈಲ್ಸ್ ಒಂದು ತೊಟ್ಟನ್ನೂ ಕುಡಿಯದು. ಗರಡಿಯಲ್ಲೂ ಹೀಗೆಯೇ, ಮೊದಲು ಮಣ್ಣು ಹದ ಮಾಡಿ ಆಮೇಲೆ ಪಟ್ಟು ಕಲಿಸುತ್ತಿದ್ದರು. ನಾವು ನೆಲವನ್ನು ಚೆಂದಕ್ಕೆ ಆರಿಸಿ ಅದರ ಮೇಲೆ ವ್ಯಾಯಾಮಕ್ಕೆ ಹೊರಟವರು.

ಯೋಗದ ಚಾಪೆಯ ಕತೆಯಲ್ಲೂ ನಮ್ಮ ಕಡೆಯ ಎಳೆ ಒಂದಿದೆ. ಯೋಗಗುರು ಕೃಷ್ಣಮಾಚಾರ್ಯರ ‘ಯೋಗ ಮಕರಂದ’ 1934ರಲ್ಲಿ ಮೈಸೂರಿನಲ್ಲಿ ಕನ್ನಡದಲ್ಲೇ ಅಚ್ಚಾಯಿತು. ಅದೇ ವರ್ಷ ಭಾವನಾದ ಅವರ ಬಳಿ ಕಲಿಯಲು ಬಂದ ಹುಡುಗ ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್. ಆ ಅಯ್ಯಂಗಾರರ ಶಿಷ್ಯೆ ಏಂಜೆಲಾ ಫಾರ್ಮರ್‌ಗೆ ಒಂದು ಶಸ್ತ್ರಚಿಕಿತ್ಸೆಯ ಮೇಲೆ ಅಂಗೈ ಅಂಗಾಲು ಬೆವರುವುದೇ ನಿಂತಿತ್ತು, ನಿಂತಲ್ಲೆಲ್ಲ ಜಾರುತ್ತಿತ್ತು. ಜರ್ಮನಿಯಲ್ಲಿ ಪಾಠ ಮಾಡುವಾಗ ಆಕೆ ರತ್ನಗಂಬಳಿಯ ಅಡಿಗೆ ಹಾಕುವ ಹಾಸನ್ನು ಕತ್ತರಿಸಿ ಅದರ ಮೇಲೆ ನಿಂತರು. ಇಂದಿನ ಅಂಟು ಚಾಪೆ ಹುಟ್ಟಿದ್ದು ಅಲ್ಲಿಂದ. ಓದಿದಾಗ ನನಗೆ ಹೊಳೆದದ್ದು ಬೆವರಿನ ಮಾತು. ತೀರ ಒಣಗಿದ ಕಾಲು ಜಾರುತ್ತದೆ, ತೀರ ಒದ್ದೆಯಾದದ್ದೂ ಜಾರುತ್ತದೆ. ನಡುವಿನ ಒಂದು ಪಸೆ ಇದೆಯಲ್ಲ, ನೆಲ ಹಿಡಿಯುವುದು ಅದು. ಚಾಪೆ ನನ್ನಲ್ಲೂ ಒಂದಿದೆ. ಅದರ ಅಡಿಭಾಗವನ್ನು ವಾರಕ್ಕೊಮ್ಮೆ ತೊಳೆಯುತ್ತೇನೆ, ಧೂಳು ಕೂತರೆ ಅದೂ ಓಲೆ ಚಾಪೆಯ ಹಾಗೆಯೇ.

ಆದರೆ ಕುಣಿತಕ್ಕೆ ಚಾಪೆ ಆಗದು. ತೆಂಕಿನ ಧೀಂಗಿಣಕ್ಕೆ ಕಾಲು ನೆಲವನ್ನು ಬಿಟ್ಟು ತಿರುಗಬೇಕು, ಇಳಿಯುವಾಗ ಹಿಡಿಯಬೇಕು. ರಬ್ಬರಿನ ಮೇಲೆ ಪಾದ ಅಂಟಿಕೊಂಡು ಮೈ ಮಾತ್ರ ತಿರುಗಿದರೆ ಪೆಟ್ಟು ಮೊಣಗಂಟಿಗೆ. ಟೈಲ್ಸಿನ ಮೇಲೆ ತಿರುಗುವುದು ಸುಖ, ಇಳಿಯುವುದು ಅಪಾಯ. ಬಿಡುವುದನ್ನೂ ಹಿಡಿಯುವುದನ್ನೂ ಒಟ್ಟಿಗೆ ಬಲ್ಲದ್ದು ಮಣ್ಣು ಮಾತ್ರ. ಗದ್ದೆಯಲ್ಲಿ ಆಟ ನಡೆಯುತ್ತಿದ್ದ ಕಾಲದ ವೇಷಧಾರಿಗಳಿಗೆ ಅದು ಸಿಕ್ಕಿತ್ತು. ಹಾಗಾಗಿ ಮಳೆಗಾಲವಿಡೀ ನಾನು ಬರಿ ನೆಲದ ಮೇಲೆ ನಿಧಾನ ಲಯದ ಹೆಜ್ಜೆಗಳನ್ನಷ್ಟೇ ಹಾಕುತ್ತೇನೆ. ತಿತ್ತಿತ್ತೈ ತಾಳ ಬಾಯಲ್ಲಿ, ಹೊರಗೆ ಮಾಡಿನಿಂದ ಬೀಳುವ ನೀರು ಶ್ರುತಿಗೆ. ಪಾದದ ಹೊರ ಅಂಚು, ಹಿಮ್ಮಡಿ, ಹೆಬ್ಬೆರಳಿನ ಬುಡ, ಯಾವುದು ಮೊದಲು ತಾಗಿತು ಎಂದು ಕೇಳಿಸಿಕೊಳ್ಳುತ್ತ ಕುಣಿಯುವುದರಲ್ಲಿ ಎಷ್ಟು ಹೊತ್ತು ಹೋಯಿತೆಂದು ತಿಳಿಯುವುದೇ ಇಲ್ಲ. ಜಾರುವ ನೆಲ ಕಲಿಸಿದ ಈ ನಿಧಾನ ನನಗೆ ಮಂದಿರದಲ್ಲಿ ಸಿಕ್ಕಿರಲಿಲ್ಲ. ಆಗ ಹಾರುವ ಅವಸರವಿತ್ತು.

ಮಳೆ ನಿಂತ ಮೇಲೆ ಅಂಗಳದ ಹಾವಸೆ ಹೆರೆದು, ಮಣ್ಣು ಹಾಕಿ, ಪೆಟ್ಟಿ, ಸೆಗಣಿ ಸಾರಿಸುತ್ತೇವೆ, ಅಡಿಕೆ ಒಣಗಿಸಲು. ಸಾರಿಸಿದ್ದು ಒಣಗುವುದಕ್ಕೂ ಅಡಿಕೆ ಬೀಳುವುದಕ್ಕೂ ನಡುವೆ ಒಂದೇ ಒಂದು ಸಂಜೆ ಇಡೀ ಅಂಗಳ ಖಾಲಿ ಇರುತ್ತದೆ. ಕಳೆದ ವರ್ಷ ಆ ಸಂಜೆ ಏಳು ಧೀಂಗಿಣ ಹಾಕಿದೆ. ಜಗಲಿಯಲ್ಲಿ ಕೂತು ಅಮ್ಮ ಎಣಿಸಿದರು.

“ಸಾಕು ಮಾರಾಯ, ನಾಳೆ ಅಡಿಕೆ ಹರಗ್ಲಿಕ್ಕುಂಟು.”

ಹಿಮ್ಮಡಿ ಊರಿದಲ್ಲೆಲ್ಲ ಅರ್ಧಚಂದ್ರದ ಗುರುತು ಬಿದ್ದಿತ್ತು. ಕೂತು, ಅಂಗೈ ಒದ್ದೆ ಮಾಡಿಕೊಂಡು, ಒಂದೊಂದನ್ನೇ ಉಜ್ಜಿ ಸಮ ಮಾಡಿದೆ.