ಹೆಜ್ಜೆ ಅಳೆದ ಬೆಳಗು

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವವರ ಪಾಲಿಗೆ ವಾರದ ನಡುವಿನ ಬೆಳಗೆಂದರೆ ಐಶ್ವರ್ಯ. ಊರಿನ ಮಕ್ಕಳೆಲ್ಲ ಶಾಲೆಯ ವ್ಯಾನ್ ಹತ್ತುವ ಹೊತ್ತಿಗೆ ನಾವು ಶಿವಮೊಗ್ಗ ಬಿಟ್ಟು ತೀರ್ಥಹಳ್ಳಿ ರಸ್ತೆ ಹಿಡಿದಿದ್ದೆವು. ಸುಮಾರು 14 ಕಿಲೋಮೀಟರ್ ಹೋದರೆ ಸಕ್ರೆಬೈಲು. ಗಾಜನೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ತುಂಗೆ ಅಗಲವಾಗಿ ಮೈಚಾಚಿರುವ ಜಾಗ. ದಂಡೆಯ ಮೇಲೆ ಅರಣ್ಯ ಇಲಾಖೆಯ ಆನೆ ಬಿಡಾರ. ಪ್ರಾಣಿಗಳನ್ನು ಸರಳಿನಾಚೆಯಿಂದ ನೋಡಿ ಬರುವುದು ಬೇರೆ, ಅವುಗಳ ದಿನಚರಿಯೊಳಗೆ ಒಂದಿಷ್ಟು ಹೊತ್ತು ಸೇರಿಕೊಳ್ಳುವುದು ಬೇರೆ.

ಬಿಡಾರದ ಆನೆಗಳು ರಾತ್ರಿ ಕಾಡಿನಲ್ಲೇ ಮೇಯುತ್ತವೆ. ಕಾಲಿಗೆ ಉದ್ದನೆಯ ಸರಪಳಿ ಇರುತ್ತದೆ. ಮುಂಜಾನೆ ಮಾವುತರು, ಕಾವಾಡಿಗಳು ಅದು ಎಳೆದ ಗುರುತು ಹಿಡಿದು ಹೋಗಿ ಕರೆತರುತ್ತಾರೆ. ಹಾಗೆ ಬಂದ ಹೆಣ್ಣಾನೆಯೊಂದು ನೀರಿಗಿಳಿದು ಮಗ್ಗುಲಾಗಿ ಮಲಗಿತು. ಉಸಿರಾಟಕ್ಕೆಂದು ಸೊಂಡಿಲ ತುದಿ ಮೇಲೆ. ಮಗಳು ಓಡಿದಳು.

"ಹಿಂದಿನಿಂದ ಬರ್ಬೇಡ ಪುಟ್ಟಿ, ಮುಂದೆ ಬಂದು ನಿಂತ್ಕೋ. ಮೊದ್ಲು ಅದು ನಿನ್ನ ನೋಡ್ಲಿ," ಎಂದರು ಮಾವುತರು.

ಅವಳು ನಿಂತಳು. ಸಣ್ಣ ಕಣ್ಣೊಂದು ಅವಳನ್ನು ನೋಡಿತು. ಮಾವುತರು ತಲೆಯಾಡಿಸಿದ ಮೇಲೆಯೇ ಬ್ರಷ್ ಅವಳ ಕೈಗೆ ಬಂತು. ಮುಟ್ಟುವ ಮುಂಚೆ ಕಾಯಬೇಕು ಎಂಬುದನ್ನು ನಾನು ಎಷ್ಟು ಹೇಳಿದ್ದರೂ ಇಷ್ಟು ಚೆನ್ನಾಗಿ ಕಲಿಸಲು ಆಗುತ್ತಿರಲಿಲ್ಲ.

ಆ ಚರ್ಮವನ್ನು ಅಂಗೈಯಿಂದ ಸವರಿ ನೋಡಬೇಕು. ಗಟ್ಟಿ ಸುಕ್ಕುಗಳು, ನಡುನಡುವೆ ತೆಂಗಿನ ನಾರಿನಂತೆ ಚುಚ್ಚುವ ಕೂದಲು. ಆನೆಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಸುಕ್ಕಿನ ಸಂದಿಯಲ್ಲಿ ನಿಂತ ನೀರೇ ನಿಧಾನವಾಗಿ ಆರುತ್ತಾ ಮೈಯನ್ನು ತಂಪಾಗಿಡುತ್ತದೆ. ಮೈ ತೊಳೆದು ಎದ್ದ ಆನೆ ಮತ್ತೆ ಮಣ್ಣೆರಚಿಕೊಂಡಿತು. ಬಿಸಿಲಿಗೂ ನೊಣಗಳಿಗೂ ಅದೇ ತಡೆ.

ಮಗನ ಕಣ್ಣು ದಂಡೆಯ ಕೆಸರಿನಲ್ಲಿ ಮೂಡಿದ ಹೆಜ್ಜೆಗಳ ಮೇಲಿತ್ತು. ಮುಂಗಾಲಿನ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಆನೆಯ ಭುಜದೆತ್ತರ ಹೆಚ್ಚುಕಡಿಮೆ ಸಿಗುತ್ತದೆ. ಕುಕ್ಕರುಗಾಲಲ್ಲಿ ಕೂತು, ಅಂಚು ಕುಸಿಯದ ಹಾಗೆ, ಹೆಜ್ಜೆಯ ಸುತ್ತ ದಾರವನ್ನು ಬೆರಳಿನಿಂದ ಒತ್ತುತ್ತಾ ಹೋದ. ನಾಲ್ಕಡಿಗೆ ಚೂರು ಕಡಿಮೆ ಬಂತು. ಎರಡು ಪಟ್ಟು ಮಾಡಿ ತಲೆಯೆತ್ತಿ ಆನೆಯನ್ನು ನೋಡಿದ, ಮಾವುತರನ್ನು ನೋಡಿದ, ಮತ್ತೆ ಆನೆಯನ್ನು ನೋಡಿದ. ಲೆಕ್ಕ ಕಣ್ಣೆದುರಿಗೇ ಉಸಿರಾಡುತ್ತಾ ನಿಂತಿತ್ತು.

ಆಮೇಲೆ ಊಟದ ಹೊತ್ತು. ಒಣಹುಲ್ಲಿನೊಳಗೆ ಭತ್ತ, ಬೆಲ್ಲ, ಕೊಬ್ಬರಿ ಸೇರಿಸಿ ಕಟ್ಟಿದ ಕುಸುರೆ. ಮೂಳೆಯೇ ಇಲ್ಲದ ಸೊಂಡಿಲು ಇಡೀ ಕಂತೆಯನ್ನು ಸುತ್ತಿ ಬಾಯಿಗಿಡುತ್ತದೆ. ಅದೇ ಸೊಂಡಿಲ ತುದಿಯ ಒಂದೇ ಬೆರಳು ನೆಲಕ್ಕೆ ಬಿದ್ದ ಬೆಲ್ಲದ ಚೂರನ್ನೂ ಹೆಕ್ಕುತ್ತದೆ. ಆಫ್ರಿಕಾದ ಆನೆಗಾದರೆ ಅಂಥ ಬೆರಳು ಎರಡು. ತಿಂದದ್ದರಲ್ಲಿ ಅರ್ಧದಷ್ಟೂ ಆನೆಗೆ ಜೀರ್ಣವಾಗುವುದಿಲ್ಲ. ಮಕ್ಕಳು ಕಡ್ಡಿಯಲ್ಲಿ ಲದ್ದಿ ಬಿಡಿಸಿ ನಾರು, ಬೀಜ ಎಣಿಸಿದರು. ಕಾಡು ಬಿತ್ತುವ ಕೆಲಸ ಹೇಗೆ ನಡೆಯುತ್ತದೆಂದು ಚಿತ್ರ ಬರೆದು ತೋರಿಸುವ ಅಗತ್ಯ ಬೀಳಲಿಲ್ಲ.

ಹೊರಡುವಾಗ ಮಗಳು ಕೇಳಿದಳು: "ಅಮ್ಮಾ, ಕಾಡಿಗೆ ಹೋಗೋದಕ್ಕೂ ಯಾಕೆ ಸರಪಳಿ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೆಲವು ಆನೆಗಳು ಬಿಡಾರದಲ್ಲೇ ಹುಟ್ಟಿದವು. ಕೆಲವನ್ನು ಹೊಲ ತೋಟಗಳಿಗೆ ನುಗ್ಗುತ್ತವೆಂದು ಹಿಡಿದು ತಂದದ್ದು. 2023ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಕಾಡಾನೆಗಳಿದ್ದವು. ಅವು ನಡೆಯುವ ದಾರಿಗಳ ನಡುವೆ ರಸ್ತೆ, ಕಾಲುವೆ, ತೋಟಗಳು ಬಂದಿವೆ. ರೈತನ ನಷ್ಟವೂ ನಿಜ, ಆನೆಯ ಹಸಿವೂ ನಿಜ.

ಅವಳಿಗೆ ಇಷ್ಟು ಸಾಲದು ಎಂದು ಮುಖದಲ್ಲೇ ಕಂಡಿತು, ನನಗೂ ಸಾಲದು. ಪಠ್ಯ ಮುಗಿಸುವ ಅವಸರವಿಲ್ಲದ ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ತಿಂಗಳುಗಟ್ಟಲೆ ಜಾಗವಿದೆ. ನಕಾಶೆ ಬಿಡಿಸೋಣ, ಬೆಳೆ ಕಳೆದುಕೊಂಡವರ ಮಾತನ್ನೂ ಕೇಳೋಣ. ಮೈ ತೊಳೆದುಕೊಟ್ಟ ಜೀವದ ಬಗ್ಗೆ ಮಗು ಅರೆಬರೆ ಉತ್ತರಕ್ಕೆ ಸುಮ್ಮನಾಗುವುದಿಲ್ಲ; ಆಗಲೂಬಾರದು.